ರಕ್ತದಲ್ಲಿ ಪ್ರತಿಕಾಯ (ಆಂಟಿಬಾಡಿ) ಜಾಸ್ತಿ ಇದೆಯಂತೆ, ಹಸು ಮಾತ್ರ ಕರಗ್ತಾನೇ ಇದೆ – ಜೋನ್ಸ್ ಕಾಯಿಲೆ ಬಗ್ಗೆ ಬಲ್ಲವರು ಹೇಳಿ

ಕೆರೆಕೋಡಿ ಡೇರಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯ ಎಚ್‌ಎಫ್ (ಹೋಲ್‌ಸ್ಟೀನ್) ಮಿಶ್ರತಳಿ ಹಸು ಒಂದು, ಮೂರನೇ ಸೂಲಿನದು. ಕರು ಹಾಕಿದ ಮೇಲೆ ಸಗಣಿ ತೆಳುವಾಗೋಕೆ ಶುರುವಾಯ್ತು, ಈಗ ಪೂರ್ತಿ ನೀರು. ರಕ್ತ ಇಲ್ಲ, ಜ್ವರ ಇಲ್ಲ. ವಿಚಿತ್ರ ಏನಂದ್ರೆ ಮೇವು ಬಿಟ್ಟಿಲ್ಲ. ಹಿಂಡಿ, ಬೂಸಾ, ಜೋಳದ ಕಡ್ಡಿ ಎಲ್ಲಾ ಎಂದಿನ ಹಾಗೇ ತಿನ್ನುತ್ತೆ, ಆದ್ರೂ ಪಕ್ಕೆಲುಬು ಎದ್ದು ಕಾಣ್ತಿವೆ. ಹಾಲು ಅರ್ಧಕ್ಕಿಂತ ಕೆಳಗೆ ಬಂತು. ಈಗ ಗಲ್ಲದ ಕೆಳಗೆ ಊತ ಬಂದು ಜೋತುಬಿದ್ದಿದೆ, ಒತ್ತಿದ್ರೆ ಬೆರಳಿನ ಗುರುತು ಹಾಗೇ ಉಳಿಯುತ್ತೆ.

ಜಂತಿನ ಔಷಧಿ, ಭೇದಿ ಔಷಧಿ, ಇಂಜೆಕ್ಷನ್ ಎಲ್ಲಾ ಮುಗೀತು. ಕೊನೆಗೆ ಡಾಕ್ಟ್ರು ಸಗಣಿ, ರಕ್ತ ಎರಡನ್ನೂ ಪರೀಕ್ಷೆಗೆ ಕಳಿಸಿದ್ರು. ಜೋನ್ಸ್ ಕಾಯಿಲೆ ಅಂತ ಬಂದಿದೆ. ಎಲೈಸಾ ಅನ್ನೋ ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಬಹಳ ಹೆಚ್ಚು ಅಂತ ಬರೆದಿದ್ದಾರೆ. ನನ್ನ ತಲೆಗೆ ಹೋಗದ ವಿಷಯ ಇದೇ. ಪ್ರತಿಕಾಯ ಇದೆ ಅಂದ್ರೆ ಮೈ ಹೋರಾಡ್ತಿದೆ ಅಂತ ಅಲ್ವಾ? ಲಸಿಕೆ ಹಾಕಿಸೋದೂ ಪ್ರತಿಕಾಯ ಬರಲಿ ಅಂತಾನೇ ಅಲ್ವಾ? ಹಾಗಿದ್ರೆ ಇದು ಯಾಕೆ ದಿನದಿಂದ ದಿನಕ್ಕೆ ಸೊರಗ್ತಿದೆ?

ಇನ್ನೊಂದು. ಇದರ ಮಗಳು, ಚೊಚ್ಚಲು ಗಬ್ಬದ ಕಡಸು, ಅದೇ ಎಲೈಸಾದಲ್ಲಿ ನೆಗೆಟಿವ್. ಅದನ್ನ ನಂಬಿ ನಿಶ್ಚಿಂತೆಯಾಗಿರಬಹುದಾ?

ಸಹ್ಯಾದ್ರಿ ಪಶುವೈದ್ಯ

ರಿಪೋರ್ಟ್ ಬಂದಿದ್ದರೂ ಒಂದು ಮಾತು ಕೇಳಿಬಿಡ್ತೀನಿ. ಗಲ್ಲದ ಊತ ಮತ್ತು ಭೇದಿ ಒಟ್ಟಿಗೆ ಕಂಡರೆ ನಮ್ಮ ಮಲೆನಾಡಿನ ಕಡೆ ಮೊದಲ ಗುಮಾನಿ ಪಿತ್ತಜನಕಾಂಗದ (ಲಿವರ್) ಚಪ್ಪಟೆ ಹುಳುವಿನ ಮೇಲೆ. ಗದ್ದೆ ಬಯಲಲ್ಲಿ, ಕೆರೆ ಅಂಚಿನಲ್ಲಿ ಮೇಯುವ ದನಕ್ಕೆ ಬಸವನಹುಳುವಿನ ಮೂಲಕ ಬರುತ್ತದೆ. ಸಗಣಿಯಲ್ಲಿ ಮೊಟ್ಟೆ ನೋಡಿದ್ದಾರಾ? ಎರಡೂ ಕಾಯಿಲೆ ಒಂದೇ ಹಸುವಿನಲ್ಲಿ ಇರುವುದೂ ಉಂಟು.

ಕೆರೆಕೋಡಿ ಡೇರಿ, ತಿಪಟೂರು

ನೋಡಿದ್ದಾರೆ ಸರ್, ಮೊಟ್ಟೆ ಇಲ್ಲ. ಸಗಣಿಯನ್ನ ಗಾಜಿನ ಮೇಲೆ ಸವರಿ ಬಣ್ಣ ಹಾಕಿದಾಗ ಕೆಂಪು ಕಡ್ಡಿಯಂಥ ರೋಗಾಣುಗಳು ಗುಂಪುಗುಂಪಾಗಿ ಕಂಡ್ವು ಅಂದ್ರು. ರೋಗಾಣುವಿನ ಡಿಎನ್‌ಎ ಹುಡುಕೋ ಪಿಸಿಆರ್ ಪರೀಕ್ಷೆ ಕೂಡ ಪಾಸಿಟಿವ್.

ಸಹ್ಯಾದ್ರಿ ಪಶುವೈದ್ಯ

ಹಾಗಾದರೆ ಸಂಶಯ ಉಳಿದಿಲ್ಲ. ಗುಂಪುಗುಂಪಾಗಿ ಇರುವುದೇ ಇದರ ಲಕ್ಷಣ. ಪ್ರತಿಕಾಯದ ಪ್ರಶ್ನೆಗೆ ರೋಗಶಾಸ್ತ್ರದವರು ಉತ್ತರಿಸಲಿ, ಇಲ್ಲಿ ಒಬ್ಬರಿದ್ದಾರೆ.

ಸೂಕ್ಷ್ಮದರ್ಶಕ, ಬೆಂಗಳೂರು

ಇದ್ದೇನೆ. ಉದ್ದವಾಗುತ್ತದೆ, ಸಾವಧಾನವಾಗಿ ಓದಿ.

ನಿಮ್ಮ ಮೊದಲ ಪ್ರಶ್ನೆಯಲ್ಲಿ ಪಶುವೈದ್ಯಕೀಯ ಓದುವ ಹುಡುಗರೂ ಎಡವುತ್ತಾರೆ. ಅದಕ್ಕೆ ಉತ್ತರ ಬೇಕಾದರೆ ರಕ್ತ ಬಿಟ್ಟು ಕರುಳಿನ ಗೋಡೆಗೆ ಹೋಗಬೇಕು.

ಈ ರೋಗಾಣುವಿನ ಪೂರ್ತಿ ಹೆಸರು ಮೈಕೋಬ್ಯಾಕ್ಟೀರಿಯಂ ಏವಿಯಂ ಪ್ಯಾರಾಟ್ಯುಬರ್ಕ್ಯುಲೋಸಿಸ್. ಎಲ್ಲರೂ ಮ್ಯಾಪ್ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಕ್ಷಯದ ರೋಗಾಣುವಿನ ದಾಯಾದಿ. ನಿಮ್ಮ ಹಸುವಿಗೆ ಇದು ಅಂಟಿದ್ದು ಈಗಲ್ಲ, ಬಹುತೇಕ ಅದು ಕರುವಾಗಿದ್ದಾಗ. ಸಗಣಿ ಮೆತ್ತಿದ ಮೊಲೆ ಚೀಪಿದಾಗ, ಗಿಣ್ಣುಹಾಲು ಕುಡಿದಾಗ, ಕೆಲವೊಮ್ಮೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ. ಲಕ್ಷಣ ಕಾಣುವುದಕ್ಕೆ ಸಾಮಾನ್ಯವಾಗಿ 2ರಿಂದ 5 ವರ್ಷ, ಅದಕ್ಕಿಂತ ತಡವಾಗುವುದೂ ಉಂಟು. ಕರು ಹಾಕಿದ ಆಯಾಸದಲ್ಲಿ ಹೊರಬೀಳುವುದು ತೀರಾ ಸಾಮಾನ್ಯ.

ಸಣ್ಣಕರುಳಿನ ಕೊನೆಯ ಭಾಗದಲ್ಲಿ, ಅಂದರೆ ಇಲಿಯಂನಲ್ಲಿ, ಪೇಯರ್ಸ್ ಪ್ಯಾಚ್ ಎಂಬ ತಟ್ಟೆಗಳಿವೆ. ಅವುಗಳ ಮೇಲ್ಪದರದಲ್ಲಿ ಎಂ ಕೋಶಗಳು. ಕರುಳಿನಲ್ಲಿ ಹರಿಯುವುದನ್ನು ಚೂರುಚೂರೇ ಎತ್ತಿ ಕೆಳಗಿನ ರಕ್ಷಣಾ ಕೋಶಗಳಿಗೆ ತೋರಿಸುವುದು ಇವುಗಳ ಕೆಲಸ. ಮ್ಯಾಪ್ ಒಳಗೆ ಬರುವುದು ಇದೇ ದಾರಿಯಲ್ಲಿ. ಕೆಳಗೆ ಕಾದಿರುವ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶ ಅದನ್ನು ನುಂಗುತ್ತದೆ. ಬೇರೆ ರೋಗಾಣುವಾಗಿದ್ದರೆ, ನುಂಗಿದ ಚೀಲಕ್ಕೆ ಆಮ್ಲ ಮತ್ತು ಜೀರ್ಣರಸ ತುಂಬಿದ ಇನ್ನೊಂದು ಚೀಲ ಬಂದು ಕೂಡಿಕೊಂಡು ಕಥೆ ಮುಗಿಯುತ್ತಿತ್ತು. ಮ್ಯಾಪ್ ಆ ಕೂಡಿಕೆಯನ್ನೇ ತಡೆಯುತ್ತದೆ. ಕೊಲ್ಲಬೇಕಾದ ಕೋಶದೊಳಗೇ ಬಿಡಾರ ಹೂಡಿ, ನಿಧಾನವಾಗಿ ಹೆಚ್ಚುತ್ತದೆ. ನಿಧಾನ ಅಂದರೆ ಎಷ್ಟು? ಪ್ರಯೋಗಾಲಯದಲ್ಲಿ ಬೆಳೆಸಿದರೆ ಕಣ್ಣಿಗೆ ಕಾಣುವಷ್ಟಾಗಲು 8ರಿಂದ 16 ವಾರ.

ಈಗ ನಿಮ್ಮ ಪ್ರಶ್ನೆ. ಪ್ರತಿಕಾಯ ಓಡಾಡುವುದು ರಕ್ತದಲ್ಲಿ, ಕೋಶದ ಹೊರಗಿನ ದ್ರವದಲ್ಲಿ. ಕೋಶದೊಳಗೆ ಕೂತ ರೋಗಾಣುವಿನ ಹತ್ತಿರ ಅದು ಹೋಗಲಾರದು. ಅಲ್ಲಿ ಕೆಲಸ ಮಾಡಬೇಕಾದವು ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು. ಅವು ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತ ಕಳಿಸಿದಾಗ ಮ್ಯಾಕ್ರೋಫೇಜ್ ಎಚ್ಚೆತ್ತು, ನೈಟ್ರಿಕ್ ಆಕ್ಸೈಡ್ ತಯಾರಿಸಿ ಒಳಗಿನ ಶತ್ರುವನ್ನು ಕೊಲ್ಲಲು ನೋಡುತ್ತದೆ. ಸೋಂಕಿನ ಮೊದಲ ವರ್ಷಗಳಲ್ಲಿ ನಡೆಯುವುದು ಇದೇ. ಆಗ ಇಲಿಯಂನ ತುಂಡು ತೆಗೆದು ನೋಡಿದರೆ ಅಲ್ಲಲ್ಲಿ ಸಣ್ಣ ಗಂಟುಗಳು. ನಡುವೆ ಕೆಲವೇ ಮ್ಯಾಕ್ರೋಫೇಜ್, ಸುತ್ತ ಟಿ ಕೋಶದಂಥ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳ ಪಹರೆ. ರೋಗಾಣು ಹುಡುಕಿದರೂ ಸಿಗುವುದು ಕಷ್ಟ. ಹಸು ಹೊರಗೆ ಗಟ್ಟಿಮುಟ್ಟು. ರಕ್ತದಲ್ಲಿ ಪ್ರತಿಕಾಯ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂದರೆ ಎಲೈಸಾ ನೆಗೆಟಿವ್.

ನಿಮ್ಮ ಕಡಸು ಈ ಹಂತದಲ್ಲಿ ಇರಬಹುದು. ಇದೆ ಅನ್ನುತ್ತಿಲ್ಲ, ಇರಬಹುದು. ಈ ಹಂತದ ಸೋಂಕಿತ ಹಸುಗಳಲ್ಲಿ ಎಲೈಸಾ ಮೂರರಲ್ಲಿ ಒಂದನ್ನು ಹಿಡಿದರೆ ಹೆಚ್ಚು.

ವರ್ಷಗಳು ಕಳೆದ ಮೇಲೆ ಕೆಲವು ಹಸುಗಳಲ್ಲಿ ಟಿ ಕೋಶಗಳ ಹಿಡಿತ ಸಡಿಲುತ್ತದೆ. ಗಾಮಾ ಇಂಟರ್‌ಫೆರಾನ್ ಇಳಿಯುತ್ತದೆ, ಉರಿಯೂತ ತಣಿಸುವ ಐಎಲ್-10 ಎಂಬ ಸಂಕೇತ ಮೇಲುಗೈ ಪಡೆಯುತ್ತದೆ. ಗಂಟುಗಳ ಗಡಿ ಅಳಿಸಿಹೋಗಿ ಮ್ಯಾಕ್ರೋಫೇಜ್‌ಗಳು ಕರುಳಿನ ಪದರವನ್ನೆಲ್ಲ ತುಂಬುತ್ತವೆ, ಒಂದೊಂದರ ಒಳಗೂ ಕಿಕ್ಕಿರಿದ ರೋಗಾಣು. ಇಷ್ಟೊಂದು ರೋಗಾಣು ಸತ್ತು, ಒಡೆದು, ಸೋರಿದಾಗ ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ಸಾಕಷ್ಟು ಸರಕು ಸಿಕ್ಕಿ ಪ್ರತಿಕಾಯ ಧಾರಾಳವಾಗಿ ತಯಾರಾಗುತ್ತದೆ. ಆದ್ದರಿಂದ ಈ ಕಾಯಿಲೆಯಲ್ಲಿ ಪ್ರತಿಕಾಯ ಏರಿತು ಅಂದರೆ ಮೈ ಗೆಲ್ಲುತ್ತಿದೆ ಎಂದಲ್ಲ, ಒಳಗಿನ ಕಾವಲು ಮುರಿದಿದೆ ಎಂದು.

ಕೆರೆಕೋಡಿ ಡೇರಿ, ತಿಪಟೂರು

ಸರ್, ಈಗ ಅರ್ಥ ಆಯ್ತು. ಆದ್ರೆ ಅಷ್ಟು ತಿಂದರೂ ಮೈಗೆ ಹತ್ತಲ್ಲ ಯಾಕೆ? ಗಲ್ಲದ ಊತಕ್ಕೂ ಕರುಳಿಗೂ ಏನು ಸಂಬಂಧ?

ಸೂಕ್ಷ್ಮದರ್ಶಕ, ಬೆಂಗಳೂರು

ಸಂಬಂಧ ನೇರವಾಗಿಯೇ ಇದೆ. ಇಂಥ ಹಸುವಿನ ಶವಪರೀಕ್ಷೆಯಲ್ಲಿ ಇಲಿಯಂ ಅನ್ನು ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ, ರಬ್ಬರ್ ಪೈಪಿನ ದಪ್ಪ. ಸೀಳಿ ತೊಳೆದರೆ ಒಳಮೈ ಅಡ್ಡಡ್ಡ ಮಡಿಕೆ, ಎಳೆದು ಹಿಗ್ಗಿಸಿದರೂ ಆ ಮಡಿಕೆ ಬಿಚ್ಚಿಕೊಳ್ಳುವುದಿಲ್ಲ. ಕರುಳಿನ ಹೊರಮೈಯಲ್ಲಿ ಲಿಂಫ್ ನಾಳಗಳು ಬಿಳಿ ಹುರಿಯಂತೆ ಉಬ್ಬಿರುತ್ತವೆ. ಪಕ್ಕದ ಲಿಂಫ್ ಗ್ರಂಥಿಗಳು ದೊಡ್ಡದಾಗಿ, ಕೊಯ್ದರೆ ಒದ್ದೆ ಒದ್ದೆ.

ಅದೇ ತುಂಡನ್ನು, ಈ ಜಾತಿಯ ರೋಗಾಣುವನ್ನು ಕೆಂಪಾಗಿ ತೋರಿಸುವ ಜೀಲ್–ನೀಲ್ಸನ್ ಬಣ್ಣ ಹಾಕಿ ನೋಡಿ. ಹಿನ್ನೆಲೆ ನೀಲಿ. ಆಹಾರ ಹೀರಬೇಕಾದ ಬೆರಳಿನಾಕಾರದ ವಿಲ್ಲೈಗಳು ಮೊಂಡಾಗಿ, ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಅವುಗಳ ಹೊಟ್ಟೆಯೊಳಗೆಲ್ಲ ಊದಿದ ಮ್ಯಾಕ್ರೋಫೇಜ್, ಕೆಲವು ಒಟ್ಟುಗೂಡಿ ಹಲವು ಕೋಶಕೇಂದ್ರಗಳ ದೈತ್ಯಕೋಶಗಳಾಗಿವೆ. ಒಂದೊಂದರಲ್ಲೂ ಕೆಂಪು ಕಡ್ಡಿಗಳ ಕಟ್ಟು. ಮೊದಲ ಬಾರಿ ನೋಡುವ ವಿದ್ಯಾರ್ಥಿಗಳು ಬಣ್ಣ ಸರಿಯಾಗಿ ತೊಳೆದಿಲ್ಲ ಅಂದುಕೊಳ್ಳುತ್ತಾರೆ.

ಈ ರೋಗಾಣು ಕಾಲರಾದ ಹಾಗೆ ವಿಷ ಬಿಟ್ಟು ಭೇದಿ ಮಾಡಿಸುವ ಜಾತಿಯಲ್ಲ. ಅದನ್ನು ಹಿಡಿಯಲು ಬಂದು ಸೇರಿದ ಹಸುವಿನದೇ ಕೋಶಗಳು ಗೋಡೆ ತುಂಬಿಕೊಂಡಿವೆ. ಹೀರುವ ಜಾಗ ಹೋಯಿತು, ಅದಕ್ಕೇ ತಿಂದದ್ದು ಹತ್ತುವುದಿಲ್ಲ. ಮೇಲಾಗಿ ಹಾಳಾದ ಗೋಡೆಯಿಂದ ರಕ್ತದ ಪ್ರೋಟೀನು ಕರುಳಿಗೆ ಸೋರಿಹೋಗುತ್ತದೆ. ಅದರಲ್ಲಿ ಮುಖ್ಯವಾದ ಆಲ್ಬುಮಿನ್ ಇಳಿದಾಗ ರಕ್ತನಾಳಗಳಲ್ಲಿ ನೀರು ನಿಲ್ಲುವುದಿಲ್ಲ, ಹೊರಗೆ ಜಿನುಗಿ ತಗ್ಗಿನ ಜಾಗಕ್ಕೆ ಇಳಿಯುತ್ತದೆ. ಗಲ್ಲದ ಕೆಳಗೆ ನೀವು ಕಾಣುತ್ತಿರುವುದು ಆ ನೀರು.

ಅಂದಹಾಗೆ ಈ ಕಾಯಿಲೆಯ ಮೊದಲ ದಾಖಲೆಯಲ್ಲೂ ಹಸು ಒಂದು ಪರೀಕ್ಷೆಯಲ್ಲಿ ನೆಗೆಟಿವ್ ಬಂದಿತ್ತು. ಜರ್ಮನಿಯ ಓಲ್ಡನ್‌ಬರ್ಗ್ ಸೀಮೆಯ ರೈತನೊಬ್ಬನ ಹಸು. ಸೊರಗುತ್ತಿತ್ತು, ಕ್ಷಯದ ಟ್ಯುಬರ್ಕ್ಯುಲಿನ್ ಪರೀಕ್ಷೆಗೆ ಸ್ಪಂದಿಸಲಿಲ್ಲ. ಸತ್ತ ಮೇಲೆ ಕರುಳು ಡ್ರೆಸ್ಡೆನ್‌ಗೆ ಹೋಯಿತು. ಅಲ್ಲಿ ಯೋನೆ (ಜೋನ್ಸ್ ಎಂಬ ಹೆಸರು ಇವರದೇ) ಮತ್ತು ಬಾಸ್ಟನ್‌ನಿಂದ ಬಂದಿದ್ದ ಫ್ರಾಥಿಂಗ್‌ಹ್ಯಾಮ್ ದಪ್ಪಗಟ್ಟಿದ ಗೋಡೆಯಲ್ಲಿ ಕೆಂಪು ಕಡ್ಡಿಗಳನ್ನು ಕಂಡು 1895ರಲ್ಲಿ ಬರೆದರು. ಕ್ಷಯದ ಒಂದು ವಿಚಿತ್ರ ರೂಪ ಎಂದೇ ಅವರ ಎಣಿಕೆ. ಇದು ಬೇರೆಯದೇ ಕಾಯಿಲೆ ಎಂದು 1906ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಬ್ಯಾಂಗ್.

ಹೆಸರು ಬೇಡ

ಇಷ್ಟೆಲ್ಲಾ ಯಾಕೆ ಗುರುಗಳೇ, ಔಷಧಿ ಇಲ್ಲ ಅಂದ್ಮೇಲೆ. ಸಂತೆಗೆ ಹೊಡೀರಿ, ಸಿಕ್ಕಷ್ಟು ಸಿಗಲಿ.

ಮಂಡ್ಯದ ಹೈನುಗಾರ್ತಿ

ಅದೇ ಸಂತೆಯಿಂದ ನಮ್ಮ ಮನೆಗೆ ಬಂದಿತ್ತು ಸ್ವಾಮಿ ಈ ರೋಗ. ಚೆನ್ನಾಗಿ ಕಾಣ್ತಿತ್ತು ಅಂತ ಕೊಂಡ್ವಿ. ಎರಡನೇ ಸೂಲಿಗೆ ಶುರುವಾಯ್ತು ನೋಡಿ. ಅಷ್ಟರಲ್ಲಿ ಅದರ ಹಾಲು ಕುಡಿದ ಕರುಗಳು ಎಷ್ಟೋ. ನಿಮ್ಮ ಕೈ ತೊಳ್ಕೊಂಡು ಇನ್ನೊಬ್ಬರ ಕೊಟ್ಟಿಗೆಗೆ ಹಚ್ಚೋ ಬುದ್ಧಿ ಹೇಳಬೇಡಿ.

ಸಹ್ಯಾದ್ರಿ ಪಶುವೈದ್ಯ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಭೇದಿ ಹಂತದ ಒಂದು ಹಸು ದಿನಕ್ಕೆ ಹೊರಹಾಕುವ ರೋಗಾಣು ಕೋಟಿಗಟ್ಟಲೆ. ಅಮೆರಿಕದ ಹಿಂಡುಗಳ ಲೆಕ್ಕದಲ್ಲಿ ಲಕ್ಷಣ ತೋರಿಸುವ ಒಂದು ಹಸುವಿನ ಹಿಂದೆ ಸೋಂಕು ತಗುಲಿದ 15ರಿಂದ 25 ಇರುತ್ತವೆ ಎಂದು ಹೇಳುತ್ತಾರೆ. ನಮ್ಮಲ್ಲಿ ನಾಲ್ಕೈದು ಹಸು ಕಟ್ಟುವ ಮನೆಗೆ ಆ ಲೆಕ್ಕ ನೇರವಾಗಿ ಹೊಂದುವುದಿಲ್ಲ, ಆದರೆ ಒಂದೇ ಹಸುವಿಗೆ ಬಂದಿದೆ ಅಂದುಕೊಳ್ಳುವುದು ಬೇಡ.

ಇನ್ನೊಂದು ಕಿವಿಮಾತು. ಮನುಷ್ಯರ ಟಿಬಿ ಮಾತ್ರೆ ಅರೆದು ಕೊಡಿ ಅನ್ನುವವರು ಸಿಗುತ್ತಾರೆ. ಕೊಟ್ಟರೆ ಸ್ವಲ್ಪ ದಿನ ಭೇದಿ ನಿಂತೀತು, ರೋಗಾಣು ಹೋಗುವುದಿಲ್ಲ. ಹಾಲಿಗೆ ಔಷಧಿ ಇಳಿಯುತ್ತದೆ. ಖಂಡಿತ ಬೇಡ.

ಎಂವಿಎಸ್ಸಿ ವಿದ್ಯಾರ್ಥಿ, ಬೀದರ್

ಸೂಕ್ಷ್ಮದರ್ಶಕ ಸರ್, ಮೊದಲು ಟಿಎಚ್1 (ಕೋಶದೊಳಗಿನ ಶತ್ರುವನ್ನು ಕೊಲ್ಲಿಸುವ ಟಿ ಕೋಶಗಳು), ಆಮೇಲೆ ಟಿಎಚ್2 (ಪ್ರತಿಕಾಯಕ್ಕೆ ಒತ್ತು ಕೊಡುವವು) ಎಂದು ನಮಗೂ ಹೀಗೇ ಪಾಠ ಆಗಿದೆ. ಆದರೆ ಈಚಿನ ಬರಹಗಳು ಅಷ್ಟು ಸಲೀಸಲ್ಲ ಅನ್ನುತ್ತವೆ. ಕರುಳಿನ ಅಂಗಾಂಶದಲ್ಲೇ ನೋಡಿದರೆ ಏನು ಕಾಣುತ್ತದೆ? ಟಿ ಕೋಶಗಳಲ್ಲೇ ಬೇರೆ ಬಗೆಯವಾದ ಗಾಮಾ-ಡೆಲ್ಟಾ ಟಿ ಕೋಶಗಳ ಪಾತ್ರ ಏನು?

ಅಯೋವಾ ಕನ್ನಡತಿ

ಇದಕ್ಕೆ ನಾನು ಕೈ ಹಾಕುತ್ತೇನೆ. ಅಯೋವಾ ರಾಜ್ಯದ ಏಮ್ಸ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ರಾಷ್ಟ್ರೀಯ ಪ್ರಾಣಿರೋಗ ಕೇಂದ್ರ ಇದೆ. ಜೋನ್ಸ್ ಕಾಯಿಲೆಯ ಅಂಗಾಂಶಗಳ ಮೇಲೆ ಅಲ್ಲಿ ಬಹಳ ಕೆಲಸ ಆಗಿದೆ. ನಾನು ಆ ಕೇಂದ್ರದವಳಲ್ಲ, ಆದರೆ ಅದೇ ಬಗೆಯ ಇಮ್ಯುನೋಫ್ಲೋರೆಸೆನ್ಸ್ (ಅಂಗಾಂಶದ ಕೋಶಗಳನ್ನು ಹೊಳೆಯುವ ಬಣ್ಣದಿಂದ ಗುರುತಿಸುವ) ಕೆಲಸ ನನ್ನದೂ.

ರಕ್ತದ ಕೋಶಗಳನ್ನು ತಟ್ಟೆಯಲ್ಲಿಟ್ಟು ಕೆಣಕಿ ನೋಡುವುದು ಸುಲಭ, ದಶಕಗಟ್ಟಲೆ ಎಲ್ಲರೂ ಅದನ್ನೇ ಮಾಡಿದರು. ಅಂಗಾಂಶ ನೋಡಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ಮ್ಯಾಕ್ರೋಫೇಜ್ ಎಲ್ಲವೂ ಒಂದೇ ಅಲ್ಲ. ಕೊಲ್ಲುವ ಮನಸ್ಥಿತಿಯವು ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ತೋರಿಸುತ್ತವೆ, ಅವನ್ನು ಎಂ1 ಅನ್ನುತ್ತೇವೆ. ಗಾಯ ಮಾಯಿಸುವ, ಉರಿಯೂತ ಇಳಿಸುವ ಎಂ2 ಬಗೆಯವು ಮೈಮೇಲೆ ಸಿಡಿ163 ಗುರುತು ಹೊತ್ತಿರುತ್ತವೆ. ಲಕ್ಷಣ ಇಲ್ಲದ ಸೋಂಕಿತ ಹಸುವಿನ ಇಲಿಯಂನಲ್ಲಿ ಮ್ಯಾಕ್ರೋಫೇಜ್ ಕಡಿಮೆ, ರೋಗಾಣುವೂ ಕಡಿಮೆ. ಭೇದಿ ಹಂತದ ಹಸುವಿನಲ್ಲಿ ಎರಡೂ ವಿಪರೀತ, ಎಂ2 ಕಡೆಗೆ ವಾಲಿರುತ್ತದೆ. ಕೋಶಗಳ ಸಂಖ್ಯೆಗೆ ಕೊರತೆಯೇ ಇಲ್ಲ. ಕೊಲ್ಲುವ ಕೆಲಸ ಬಿಟ್ಟ ಕೋಶಗಳು ಮಾತ್ರ ತುಂಬಿಕೊಂಡಿವೆ.

ಗಾಮಾ-ಡೆಲ್ಟಾ ವಿಷಯಕ್ಕೆ ಬಂದರೆ, ದನಗಳೇ ವಿಶೇಷ. ಮನುಷ್ಯನ ರಕ್ತದ ಟಿ ಕೋಶಗಳಲ್ಲಿ ಇವು ಸಾಮಾನ್ಯವಾಗಿ ನೂರಕ್ಕೆ ಐದರೊಳಗೆ. ಎಳೆಗರುವಿನಲ್ಲಿ ಅರ್ಧದಷ್ಟಾದರೂ ಆಶ್ಚರ್ಯವಿಲ್ಲ. ಮ್ಯಾಪ್ ಅಂಟುವುದೂ ಕರುವಿನ ವಯಸ್ಸಿನಲ್ಲೇ. ಮೊದಲಿಗೆ ಬಂದು ಗಂಟಿನ ರಚನೆಯನ್ನು ಹದಗೊಳಿಸುವುದು ಇವೇ ಎಂಬುದಕ್ಕೆ ಆಧಾರ ಸಿಗುತ್ತಿದೆ. ಇಲಿಯ ಮೇಲಿನ ಪ್ರಯೋಗವನ್ನು ಹಸುವಿಗೆ ಹೊಂದಿಸಲು ಹೋಗಿ ಸೋಲುವುದು ಇಂಥಲ್ಲಿ.

ಟಿಎಚ್1ರಿಂದ ಟಿಎಚ್2ಗೆ ಸ್ವಿಚ್ ಒತ್ತಿದ ಹಾಗೆ ಬದಲಾಗುತ್ತದೆ ಎಂಬ ಚಿತ್ರವನ್ನು ನಾನು ಪಾಠ ಮಾಡುವುದು ಬಿಟ್ಟಿದ್ದೇನೆ. ಹಲವು ಹಸುಗಳಲ್ಲಿ ಗಾಮಾ ಇಂಟರ್‌ಫೆರಾನ್ ಮತ್ತು ಪ್ರತಿಕಾಯ ಎರಡೂ ಒಟ್ಟಿಗೆ ಇರುತ್ತವೆ. ಟಿ ಕೋಶಗಳು ದಣಿದು ಕೈಚೆಲ್ಲುತ್ತವೆ ಎಂಬುದು ಈಗಿನ ಹೆಚ್ಚು ನಂಬಲರ್ಹ ವಿವರಣೆ. ವರ್ಷಗಟ್ಟಲೆ ಅದೇ ಶತ್ರು ಎದುರಿದ್ದರೆ ಟಿ ಕೋಶದ ಮೇಲೆ ಪಿಡಿ-1 ಎಂಬ ಬ್ರೇಕು ಮೂಡುತ್ತದೆ, ಸೋಂಕಿತ ಕೋಶಗಳು ಅದನ್ನು ಒತ್ತುವ ಪಿಡಿ-ಎಲ್1 ತೋರಿಸುತ್ತವೆ. ಕ್ಯಾನ್ಸರಿನಲ್ಲಿ ಕೇಳಿರುತ್ತೀರಿ, ಅದೇ ಜೋಡಿ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ಜೋನ್ಸ್ ಹಸುಗಳ ಕೋಶಗಳಲ್ಲಿ ಈ ಬ್ರೇಕನ್ನು ತಡೆದಾಗ ಗಾಮಾ ಇಂಟರ್‌ಫೆರಾನ್ ಮತ್ತೆ ಏರಿತು. ಪ್ರಯೋಗಾಲಯದ ಮಾತು ಇದು. ನಾಳೆ ಕೊಟ್ಟಿಗೆಗೆ ಬರುವ ಔಷಧಿ ಅಂದುಕೊಳ್ಳಬೇಡಿ, ಪ್ರತಿ ಹಸುವಿಗೂ ಆ ಬ್ರೇಕು ತಡೆಯುವ ಪ್ರತಿಕಾಯದ ಚಿಕಿತ್ಸೆ ಕೊಡುವಷ್ಟು ಹಾಲಿನ ಲೆಕ್ಕ ಗಿಟ್ಟುವುದಿಲ್ಲ.

ಸೂಕ್ಷ್ಮದರ್ಶಕ, ಬೆಂಗಳೂರು

ದಣಿವಿನ ವಿವರಣೆಗೆ ನನ್ನ ತಕರಾರಿಲ್ಲ. ಆದರೆ ಹಳೆಯ ವಿಂಗಡಣೆಯನ್ನು ಪೂರ್ತಿ ಎಸೆಯಲು ನಾನು ತಯಾರಿಲ್ಲ. ರೋಗಾಣು ವಿರಳವಾಗಿ ಲಿಂಫೋಸೈಟ್ ತುಂಬಿರುವುದು, ರೋಗಾಣು ತುಂಬಿ ಲಿಂಫೋಸೈಟ್ ವಿರಳವಾಗಿರುವುದು ಎಂಬ ಎರಡು ತುದಿಗಳು ಕುಷ್ಠರೋಗದಿಂದ ಎರವಲು ಪಡೆದ ವಿಂಗಡಣೆ. ಹಸುವಿನಲ್ಲಿ ನಡುವಿನ ರೂಪಗಳೇ ಹೆಚ್ಚು, ಒಂದೇ ಕರುಳಿನಲ್ಲಿ ಎರಡೂ ಅಕ್ಕಪಕ್ಕ ಸಿಗುತ್ತವೆ. ಹಾಗಿದ್ದರೂ ಎಲೈಸಾ ಯಾಕೆ ನೆಗೆಟಿವ್ ಎಂದು ರೈತರಿಗೆ ಹೇಳಲು ಅದಕ್ಕಿಂತ ನೇರ ದಾರಿ ನನಗೆ ಸಿಕ್ಕಿಲ್ಲ.

ಅಯೋವಾ ಕನ್ನಡತಿ

ಒಪ್ಪಿದೆ. ಒಂದೇ ಕರುಳಿನಲ್ಲಿ ಎರಡೂ ಇರುತ್ತವೆ ಅಂದಿರಲ್ಲ, ಎಲ್ಲಿ ಕೊಯ್ದೆ ಎಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆ. ಬೀದರ್‌ನವರು ಇದನ್ನು ಗುರುತು ಹಾಕಿಕೊಳ್ಳಲಿ.

ನಾಟಿ ದನವೇ ಸೈ

ಇದೆಲ್ಲಾ ಸೀಮೆ ಹಸುವಿನ ಕಾಯಿಲೆ. ಹಳ್ಳಿಕಾರ್, ಮಲೆನಾಡು ಗಿಡ್ಡ ಕಟ್ಟಿದವರಿಗೆ ಇದರ ಗೊಡವೆಯೇ ಇಲ್ಲ.

ಸೂಕ್ಷ್ಮದರ್ಶಕ, ಬೆಂಗಳೂರು

ಗೊಡವೆ ಇದೆ. ನಮ್ಮ ದೇಶದಲ್ಲಿ ಮ್ಯಾಪ್‌ನ ಒಂದು ಪ್ರತ್ಯೇಕ ತಳಿಯೇ ಹರಡಿದೆ, ಅದನ್ನು ಇಂಡಿಯನ್ ಬೈಸನ್ ಬಗೆ ಎಂದು ಕರೆಯುತ್ತಾರೆ. ನಾಟಿ ದನ, ಎಮ್ಮೆ, ಆಡು, ಕುರಿ ಎಲ್ಲದರಲ್ಲೂ ಸಿಕ್ಕಿದೆ. ತಳಿಗೂ ರೋಗದ ತೀವ್ರತೆಗೂ ಸಂಬಂಧ ಇಲ್ಲ ಅನ್ನುವುದಿಲ್ಲ. ದನದ ಕ್ಷಯದಲ್ಲಿ ಇಥಿಯೋಪಿಯಾದವರು ಅಲ್ಲಿನ ಜೆಬು (ಡುಬ್ಬದ ನಾಟಿ) ದನಗಳನ್ನೂ ಹೋಲ್‌ಸ್ಟೀನ್‌ಗಳನ್ನೂ ಒಂದೇ ರೀತಿ ಸಾಕಿ ನೋಡಿದಾಗ ಹೋಲ್‌ಸ್ಟೀನ್‌ನಲ್ಲಿ ಗಾಯಗಳು ಹೆಚ್ಚು ತೀವ್ರವಾಗಿದ್ದವು. ಕಡಿಮೆ ತೀವ್ರ ಎಂದರೆ ಬರುವುದೇ ಇಲ್ಲ ಎಂದಲ್ಲ. ಕೊಟ್ಟಿಗೆಯಲ್ಲಿ ಒತ್ತಾಗಿ ಕಟ್ಟಿ ಸಾಕಿದರೆ ಯಾವ ತಳಿಯಾದರೂ ಸಗಣಿ ಒಂದೇ.

ಧಾರವಾಡದ ಎಮ್ಮಿ

ನಮಸ್ಕಾರ್ರಿ. ಎಮ್ಮಿ, ಆಡು ಅಂದ್ರಿ, ಅದಕ್ಕ ಕೇಳ್ತೀನಿ. ನಮ್ಮ ಮನ್ಯಾಗ ಎರಡೂ ಅದಾವು. ಆಡಿಗೆ ಭೇದಿ ಆಗದ ಬರೇ ಸೊರಗತಾವ, ಅದೂ ಇದ ರೋಗ ಇರಬಹುದೇನ್ರಿ? ಮತ್ತ ಇಂಥಾ ದನದ ಹಾಲು ಕುಡಿದ ಮಂದಿಗೆ ಏನಾರ ಆಗತೈತೇನು? ಕ್ರೋನ್ಸ್ ಅಂತ ಮನುಷ್ಯಾರ ಕರುಳಿನ ಬ್ಯಾನಿ ಬಗ್ಗೆ ಏನೋ ಓದಿದ್ದೆ.

ಸಹ್ಯಾದ್ರಿ ಪಶುವೈದ್ಯ

ಇರಬಹುದು. ಆಡು-ಕುರಿಯಲ್ಲಿ ಭೇದಿ ಬಹಳ ಸಲ ಇರುವುದೇ ಇಲ್ಲ, ಬರೀ ಸೊರಗುವುದು. ಸಗಣಿ ಸವರಿ ನೋಡಿಸಿ. ಆಡುಗಳಿಗೆ ಮಥುರಾ ಬಳಿಯ ಮಖ್ದೂಮ್‌ನ ಕೇಂದ್ರೀಯ ಆಡು ಸಂಶೋಧನಾ ಸಂಸ್ಥೆ ಲಸಿಕೆಯನ್ನೂ ಅಭಿವೃದ್ಧಿಪಡಿಸಿದೆ. ಈ ಲಸಿಕೆಗಳ ಸ್ವಭಾವ ಒಂದೇ: ಸೋಂಕು ತಡೆಯುವುದಕ್ಕಿಂತ ಸಗಣಿಯಲ್ಲಿ ಹೋಗುವ ರೋಗಾಣುವನ್ನು ತಗ್ಗಿಸುತ್ತವೆ, ಲಕ್ಷಣವನ್ನು ಮುಂದೂಡುತ್ತವೆ.

ಕ್ರೋನ್ಸ್ ವಿಷಯ ನೂರು ವರ್ಷ ಮೀರಿದ ಜಗಳ. ಗ್ಲಾಸ್ಗೋದ ಡಾಲ್ಜಿಯೆಲ್ ಎಂಬ ಶಸ್ತ್ರವೈದ್ಯ 1913ರಲ್ಲೇ ಮನುಷ್ಯರ ಕರುಳಿನ ಕಾಯಿಲೆಗೂ ಇದಕ್ಕೂ ಹೋಲಿಕೆ ಇದೆ ಎಂದು ಬರೆದ. ಕೆಲವು ರೋಗಿಗಳ ಕರುಳಿನಲ್ಲಿ ಮ್ಯಾಪ್ ಸಿಕ್ಕಿದೆ, ಆದರೆ ಅದೇ ಕಾರಣ ಎಂದು ಸಾಬೀತಾಗಿಲ್ಲ. ಹಾಲು ಕುದಿಸಿ ಕುಡಿಯಿರಿ. ಹಸಿ ಹಾಲಿನಿಂದ ದನದ ಕ್ಷಯ ಬರುತ್ತದೆ, ಅದರಲ್ಲಿ ಯಾವ ಜಗಳವೂ ಇಲ್ಲ.

ಎಂವಿಎಸ್ಸಿ ವಿದ್ಯಾರ್ಥಿ, ಬೀದರ್

ಕ್ಷಯದ ಗಂಟಿಗೂ ಇದಕ್ಕೂ ಸೂಕ್ಷ್ಮದರ್ಶಕದಲ್ಲಿ ಮುಖ್ಯ ವ್ಯತ್ಯಾಸ ಹೇಳ್ತೀರಾ ಸರ್? ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳೇ ಕೇಳ್ತಾರೆ.

ಸೂಕ್ಷ್ಮದರ್ಶಕ, ಬೆಂಗಳೂರು

ವೈವಾಕ್ಕೆ ಓದುವುದಾದರೆ ಲಿಂಫ್ ಗ್ರಂಥಿಯಿಂದ ಶುರುಮಾಡಿ. ಕ್ಷಯ ಉಸಿರಾಟದ ದಾರಿಯದು, ಗಂಟಲ ಹಿಂದಿನ ಮತ್ತು ಎದೆಯೊಳಗಿನ ಗ್ರಂಥಿಗಳಲ್ಲಿ ಗಂಟು ಸಿಗುತ್ತದೆ. ಅದರ ಬೆಳವಣಿಗೆಯನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲೆರಡರಲ್ಲಿ ಕೋಶಗಳ ಮುದ್ದೆ ಮಾತ್ರ. ಮೂರನೆಯದರಲ್ಲಿ ನಡುವೆ ಕೊಳೆತ ಕಾಣಿಸಿ, ಸುತ್ತ ನಾರಿನ ಪೊರೆ ಮೂಡುತ್ತದೆ. ನಾಲ್ಕರಲ್ಲಿ ನಡುಭಾಗ ಚೀಸಿನ ಹಾಗೆ ಪುಡಿಪುಡಿ, ಸುಣ್ಣ ಕಟ್ಟಿ ಚಾಕು ಆಡಿಸಿದರೆ ಕರಕರ ಎನ್ನುತ್ತದೆ. ಜೋನ್ಸ್ ಕಾಯಿಲೆಯ ಹಸುವಿನಲ್ಲಿ ಕೊಳೆತ, ಸುಣ್ಣ, ಪೊರೆ ಇವು ಅಪರೂಪ. ಅಲ್ಲಿ ಬೇಲಿ ಹಾಕಿ ಕೂರಿಸುವ ಪ್ರಯತ್ನ, ಇಲ್ಲಿ ಬೇಲಿಯೇ ಇಲ್ಲದ ಹರಡುವಿಕೆ.

ಪರೀಕ್ಷೆಯ ತೊಡಕೂ ಇದರಿಂದಲೇ. ಕ್ಷಯಕ್ಕೆ ಚರ್ಮದ ಪರೀಕ್ಷೆ ಮಾಡುತ್ತೇವೆ, ಟ್ಯುಬರ್ಕ್ಯುಲಿನ್ ಚುಚ್ಚಿ 72 ಗಂಟೆಯ ನಂತರ ಊತ ಅಳೆಯುವುದು. ಅಳೆಯುತ್ತಿರುವುದು ಟಿ ಕೋಶಗಳ ಪ್ರತಿಕ್ರಿಯೆಯನ್ನು. ಮ್ಯಾಪ್ ತಗುಲಿದ ಅಥವಾ ಅದರ ಲಸಿಕೆ ಪಡೆದ ದನವೂ ಅದಕ್ಕೆ ಊದಿಕೊಳ್ಳಬಹುದು, ದಾಯಾದಿಗಳಲ್ಲವೇ. ಅದಕ್ಕೇ ಕುತ್ತಿಗೆಯ ಮೇಲೆ ಹಕ್ಕಿಯ ಬಗೆ, ದನದ ಬಗೆ ಎರಡೂ ಟ್ಯುಬರ್ಕ್ಯುಲಿನ್‌ಗಳನ್ನು ಅಕ್ಕಪಕ್ಕ ಚುಚ್ಚಿ ಹೋಲಿಸುವುದು. ಇನ್ನು ಕ್ಷಯ ಮೈತುಂಬ ಹರಡಿದ ಮುದಿ ಹಸು ಕೆಲವೊಮ್ಮೆ ಚರ್ಮದ ಪರೀಕ್ಷೆಗೆ ಊದುವುದೇ ಇಲ್ಲ. ಟಿ ಕೋಶ ಕೈಚೆಲ್ಲಿರುತ್ತದೆ.

ಅಯೋವಾ ಕನ್ನಡತಿ

ಕ್ಷಯದ ಮಾತು ಬಂದದ್ದಕ್ಕೆ ಎರಡು ಸೇರಿಸುತ್ತೇನೆ. ದಕ್ಷಿಣ ಭಾರತದಲ್ಲಿ ದನದ ಕ್ಷಯ ಅಂದರೆ ಮೈಕೋಬ್ಯಾಕ್ಟೀರಿಯಂ ಬೋವಿಸ್ ಎಂದೇ ತಿಳಿದಿದ್ದೆವು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಕ್ಷಯರೋಗಿಗಳ ರೋಗಾಣುಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೋವಿಸ್ ಸಿಗಲಿಲ್ಲ, ಒರೈಗಿಸ್ ಎಂಬ ಇನ್ನೊಂದು ಸಿಕ್ಕಿತು. ದನಗಳಲ್ಲೂ ಅದೇ ಕಾಣುತ್ತಿದೆ. ಕೊಂದು ತೆಗೆಯುವ ನೀತಿ ನಮ್ಮಲ್ಲಿ ನಡೆಯುವ ಮಾತಲ್ಲ, ಹಾಗಾಗಿ ಲಸಿಕೆಯ ಕಡೆ ಎಲ್ಲರ ಕಣ್ಣು. ಇಥಿಯೋಪಿಯಾದಲ್ಲಿ ಕರುಗಳಿಗೆ ಕ್ಷಯದ ಲಸಿಕೆ ಬಿಸಿಜಿ ಹಾಕಿ ನೋಡಿದ ಪ್ರಯೋಗ 2024ರಲ್ಲಿ ಬಂತು, ಒಟ್ಟಾರೆ 89 ಶೇಕಡಾ ಪರಿಣಾಮ ಎಂದು ಅಂದಾಜಿಸಿದ್ದಾರೆ. ಬಿಸಿಜಿಯಲ್ಲಿ ಇಲ್ಲದ ಇಸ್ಯಾಟ್-6, ಸಿಎಫ್‌ಪಿ-10 ಎಂಬ ಪ್ರೋಟೀನುಗಳನ್ನು ಬಳಸಿ ಲಸಿಕೆ ಪಡೆದದ್ದು ಯಾವುದು, ಸೋಂಕು ತಗುಲಿದ್ದು ಯಾವುದು ಎಂದು ಬೇರ್ಪಡಿಸಬಹುದು. ಜೋನ್ಸ್ ಕಾಯಿಲೆಗೆ ಅಷ್ಟು ನಯವಾದ ದಾರಿ ಇನ್ನೂ ಇಲ್ಲ.

ಕೆರೆಕೋಡಿ ಡೇರಿ, ತಿಪಟೂರು

ಮಾತು ದೂರ ಹೋಯ್ತು, ಆದ್ರೆ ಬಹಳ ಕಲಿತೆ. ಈಗ ನನಗೆ ಬೇಕಾದ್ದು ಕೇಳ್ತೀನಿ. ಕಡಸಿಗೆ ಏನು ಮಾಡ್ಲಿ? ಅದು ಕರು ಹಾಕಿದಾಗ ಗಿಣ್ಣು ಕುಡಿಸಬೇಕಾ ಬೇಡ್ವಾ? ಗಿಣ್ಣಿಲ್ಲದೆ ಕರು ಉಳಿಯಲ್ಲ ಅಂತಾರೆ. ಮತ್ತೆ ಆ ಹಸುವಿನ ಗೊಬ್ಬರ ನೇಪಿಯರ್ ಹುಲ್ಲಿಗೆ ಹಾಕ್ತಿದ್ದೆ.

ಸಹ್ಯಾದ್ರಿ ಪಶುವೈದ್ಯ

ಕಡಸನ್ನು ಶಂಕಿತ ಅಂತಲೇ ಇಟ್ಟುಕೊಳ್ಳಿ. ತಾಯಿ ಭೇದಿ ಹಂತದಲ್ಲಿದ್ದರೆ ಹೊಟ್ಟೆಯಲ್ಲೇ ದಾಟಿರುವ ಸಾಧ್ಯತೆ ಇದೆ. ಆರು ತಿಂಗಳಿಗೊಮ್ಮೆ ಎಲೈಸಾ, ಜೊತೆಗೆ ಸಗಣಿಯ ಪಿಸಿಆರ್. ಕರು ಹಾಕಿದ ಮೇಲಿನ ಒಂದೆರಡು ತಿಂಗಳು ಸಗಣಿಯ ಮೇಲೆ ಕಣ್ಣಿಡಿ. ಒಂದು ನೆಗೆಟಿವ್‌ಗೆ ಬೆಲೆ ಇಲ್ಲ, ಸಾಲಾಗಿ ನೆಗೆಟಿವ್ ಬಂದರೆ ಒಂದಿಷ್ಟು ಧೈರ್ಯ.

ಗಿಣ್ಣು ಬೇಕೇ ಬೇಕು. ಮನೆಯಲ್ಲಿ ಬೇರೆ ಹಳೆಯ ಹಸು, ಸತತ ನೆಗೆಟಿವ್ ಬಂದದ್ದು ಇದ್ದರೆ ಅದರ ಗಿಣ್ಣು ಡೀಪ್ ಫ್ರೀಜರಿನಲ್ಲಿ ತೆಗೆದಿಡಿ. ಇಲ್ಲದಿದ್ದರೆ 60 ಡಿಗ್ರಿಯಲ್ಲಿ 60 ನಿಮಿಷ ಬಿಸಿ ಮಾಡುವ ಕ್ರಮ ಇದೆ, ನೀರಿನ ಪಾತ್ರೆಯೊಳಗೆ ಗಿಣ್ಣಿನ ಪಾತ್ರೆ ಇಟ್ಟು, ಥರ್ಮಾಮೀಟರ್ ಹಿಡಿದುಕೊಂಡೇ. ಇದರಿಂದ ರೋಗಾಣು ಬಹಳ ಮಟ್ಟಿಗೆ ಇಳಿಯುತ್ತದೆ, ಕರುವಿಗೆ ಬೇಕಾದ ಪ್ರತಿಕಾಯ ಬಹುಪಾಲು ಉಳಿಯುತ್ತದೆ. 63 ದಾಟಿದರೆ ಹೆಪ್ಪುಗಟ್ಟುತ್ತದೆ. ಕರುವನ್ನು ಹುಟ್ಟಿದ ಕೂಡಲೇ ಬೇರೆ, ಒಣ ಜಾಗಕ್ಕೆ. ಮೊಲೆಗೆ ಬಿಡಬೇಡಿ. ದೊಡ್ಡ ಹಸುಗಳ ಬಾನಿಯ ನೀರು, ಅವು ಉಳಿಸಿದ ಮೇವು ಕರುವಿಗೆ ಬೇಡ. ಸಗಣಿ ಬಾಚಿದ ಸಲಿಕೆಯಲ್ಲೇ ಕರುವಿನ ಮೇವು ಎಳೆಯುವುದನ್ನು ನಾನು ಕಂಡಷ್ಟು ಕೊಟ್ಟಿಗೆಗಳಲ್ಲಿ ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಗೊಬ್ಬರ ಹುಲ್ಲಿಗೆ ನಿಲ್ಲಿಸಿ. ಆಸ್ಟ್ರೇಲಿಯಾದಲ್ಲಿ ನೆರಳಿನ ಒಣ ನೆಲದಲ್ಲಿ ಈ ರೋಗಾಣು 55 ವಾರದವರೆಗೆ ಬದುಕಿದ್ದು ದಾಖಲಾಗಿದೆ. ಬಿಸಿಲು ಬೀಳುವ ಕಡೆ ಬೇಗ ಸಾಯುತ್ತದೆ. ತೆಂಗಿನ ಬುಡಕ್ಕೆ ಹಾಕಿ, ಕರುಗಳು ಆ ಕಡೆ ಮೇಯದ ಹಾಗೆ ನೋಡಿಕೊಳ್ಳಿ.

ಸೂಕ್ಷ್ಮದರ್ಶಕ, ಬೆಂಗಳೂರು

ಹಸು ಉಳಿಯುವುದು ಕಷ್ಟ, ಅದು ನಿಮಗೂ ಗೊತ್ತಾಗಿದೆ. ಸತ್ತರೆ ಹಾಗೇ ಹೂಳಬೇಡಿ, ಡಾಕ್ಟರನ್ನು ಕರೆಸಿ. ಸಣ್ಣಕರುಳು ದೊಡ್ಡಕರುಳು ಸೇರುವ ಜಾಗದ ತುಂಡು, ಪಕ್ಕದ ಲಿಂಫ್ ಗ್ರಂಥಿ, ಎರಡನ್ನೂ 10 ಶೇಕಡಾ ಫಾರ್ಮಲಿನ್‌ನಲ್ಲಿ ಒಂದು ಜೊತೆ, ಐಸಿನಲ್ಲಿ ಇನ್ನೊಂದು ಜೊತೆ. ಫಾರ್ಮಲಿನ್ ತುಂಡಿಗಿಂತ ಹತ್ತುಪಟ್ಟು ಇರಲಿ. ಬಸ್ಸಿನಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಬರುವ ಕೊಳೆತ ಕರುಳಿನಲ್ಲಿ ನನಗೆ ಕಾಣುವುದು ಕೊಳೆತ ಮಾತ್ರ.

ಕೆರೆಕೋಡಿ ಡೇರಿ, ತಿಪಟೂರು

ಆಯ್ತು ಸರ್. ಫಾರ್ಮಲಿನ್ ನಮ್ಮ ಡಾಕ್ಟ್ರ ಹತ್ರ ಇದೆಯಂತೆ, ಕೇಳಿಟ್ಟಿದ್ದೀನಿ. ಅಕ್ಕ, ನಿಮ್ಮ ಮನೆಯಲ್ಲಿ ಆ ಹಸು ಹೋದ ಮೇಲೆ ಉಳಿದ ಕರುಗಳು ಹೇಗಿವೆ?

ಮಂಡ್ಯದ ಹೈನುಗಾರ್ತಿ

ಎರಡು ಸಗಣಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ವು. ಅವನ್ನ ಬೇರೆ ಕಟ್ಟಿದ್ದೀವಿ, ಬಸಿರು ಮಾಡಿಸಿಲ್ಲ. ಉಳಿದವು ಸದ್ಯಕ್ಕೆ ನೆಗೆಟಿವ್. ಸದ್ಯಕ್ಕೆ ಅಂತಲೇ ಹೇಳ್ತೀನಿ ನೋಡಿ.